ಅತ್ತೆಯವರ ಮಾತು ನಿಂತಾಗ

ದೆವ್ವ, ಮಾಟ, ಕಣ್ಣು ತಾಗುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದಷ್ಟೇ ಅರ್ಥ ಎಂದು ಸ್ನೇಹಿತರ ಜೊತೆ ವಾದ ಮಾಡುತ್ತಿದ್ದೆ. ಈಗಲೂ ಬಹಳ ಮಟ್ಟಿಗೆ ಹಾಗೇ ಇದ್ದೇನೆ. ನಮ್ಮ ಅತ್ತೆಯವರ ವಿಷಯ ಬಂದಾಗ ಮಾತ್ರ ವಾದ ನಿಲ್ಲಿಸುತ್ತೇನೆ. ನೀವು ನಕ್ಕರೂ ಅಡ್ಡಿಯಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾವಾಗ ನಾಸಿಕ್‌ನಲ್ಲಿದ್ದೆವು. ನನ್ನದು ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮನೆಯಲ್ಲಿ ನಾನು, ಹೆಂಡತಿ ಸವಿತಾ, ಓಝರ್‌ನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಅವಳ ತಂಗಿ ಗೀತಾ, ಮತ್ತು ಅವರ ತಾಯಿ ಶರಣಮ್ಮನವರು. ಅತ್ತೆಯವರು ಬೀದರ್ ಕಡೆಯವರು, ಮಾತಿನಲ್ಲಿ ಬಲು ಗಟ್ಟಿ. ಮರಾಠಿ ಅಷ್ಟಾಗಿ ಬಾರದಿದ್ದರೂ ನಮ್ಮ ಬೀದಿಯ ಮರಾಠಿ ಹೆಂಗಸರೆಲ್ಲ ಅವರ ಕನ್ನಡದಲ್ಲೇ ಬೈಸಿಕೊಂಡು ಹೋಗುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಸಂಭಾಜಿನಗರಕ್ಕೆ ಆಗಿನ್ನೂ ಔರಂಗಾಬಾದ್ ಎಂದೇ ಹೆಸರು. ಅಲ್ಲಿ ಬಿಡಕಿನ್ ದಾರಿಯಲ್ಲಿ ಒಂದು ಹೊಸ ಕಾರ್ಖಾನೆ ಎದ್ದಿತ್ತು, ಅದರ ಹಳೆಯ ಘಟಕ ನಾಸಿಕ್‌ನಲ್ಲಿತ್ತು. ಎರಡೂ ಕಡೆಯ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳಬೇಕು. ನಡುವೆ ನಿಂತು ಸಂದೇಶ ಮುಟ್ಟಿಸುವ ಸಾಫ್ಟ್‌ವೇರಿಗೆ ಮೆಸೇಜ್ ಬ್ರೋಕರ್ ಎನ್ನುತ್ತಾರೆ. ಅದಕ್ಕೆ ಎರಡು ಫೈಲು ಬರೆಯಬೇಕು. ಒಂದರಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್. ಇನ್ನೊಂದರಲ್ಲಿ ಯಾರ ಪಾತ್ರ ಏನು: ಕಳಿಸುವವರೋ, ಬರೀ ಕೇಳಿಸಿಕೊಳ್ಳುವವರೋ.

ಅತ್ತೆಯವರು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. “ಏನ್ ಬರೀಲಿಕತ್ತೀರಿ?” ಎಂದರು. ಹೇಳಿದೆ. “ಹಂಗಾದ್ರ ಅದ್ರಾಗ ನನ್ನ ಹೆಸರೂ ಹಾಕ್ರಿ. ಮನ್ಯಾಗ ಹಿರಿಯಾಕಿ ನಾನ ಇದ್ದೀನಿ” ಎಂದು ಪಟ್ಟು ಹಿಡಿದರು. ಪರೀಕ್ಷೆಗೆಂದು ಕೇಳಿಸಿಕೊಳ್ಳುವ ಬಳಕೆದಾರ ಒಬ್ಬರು ನನಗೂ ಬೇಕಿತ್ತು. ಶರಣಮ್ಮ ಎಂದು ಹಾಕಿ, ಒಂದು ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಕೇಳಿಸಿಕೊಳ್ಳುವವರ ಸಾಲಿಗೆ ಸೇರಿಸಿದೆ. ಆಮೇಲೆ ಮನೆಯಿಂದಲೇ ಫೈಲುಗಳನ್ನು ಕಾರ್ಖಾನೆಯ ಸರ್ವರ್‌ಗೆ ಏರಿಸಿ ಬ್ರೋಕರ್ ಚಾಲೂ ಮಾಡಿದೆ.

ಅತ್ತೆಯವರು ಅಷ್ಟರಲ್ಲಿ ಎದ್ದು ಬಾಗಿಲಲ್ಲಿ ದ್ರಾಕ್ಷಿ ಮಾರುವವನ ಜೊತೆ ಜಗಳಕ್ಕೆ ನಿಂತಿದ್ದರು. “ಏನಪಾ, ಬುಟ್ಟಿ ಮ್ಯಾಲ ಚಲೋ ಹಣ್ಣು ಇಟ್ಟು, ತಳದಾಗ...” ಎನ್ನುತ್ತಿದ್ದವರು ತಟ್ಟನೆ ನಿಂತರು. ಬಾಯಿ ಆಡುತ್ತಿತ್ತು, ದನಿ ಇಲ್ಲ. ದ್ರಾಕ್ಷಿಯವನು ಸ್ವಲ್ಪ ಹೊತ್ತು ಕಾದ. ಇಂಥ ಮೌನ ಅವನು ಕಂಡಿರಲಿಲ್ಲ. ಹೆದರಿ, ಇನ್ನೊಂದು ಗೊಂಚಲು ತಾನಾಗಿಯೇ ಹಾಕಿ ಹೊರಟುಹೋದ.

ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದರು. ಎಲ್ಲ ಸರಿಯಾಗಿದೆ, ಬಹುಶಃ ದಣಿವು ಎಂದರು. ನಿಜ ಹೇಳುತ್ತೇನೆ, ಮೊದಲ ದಿನ ಮನೆಯಲ್ಲಿ ನನಗೆ ತುಸು ಹಾಯೆನಿಸಿತು. ಎರಡನೆಯ ದಿನ ಸವಿತಾ ಅಳತೊಡಗಿದಳು. ಅತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು, ಬಾಯಿ ತೆರೆದು, ಮುಚ್ಚಿ, ಗೋಡೆ ಕಡೆ ತಿರುಗಿ ಕೂರುತ್ತಿದ್ದರು.

ಇದರ ನಡುವೆಯೇ ಗೀತಾಳ ಮದುವೆ ಮಾತು. ಹುಡುಗನ ಮನೆ ಔರಂಗಾಬಾದಿನ ಪೈಠಣ ರಸ್ತೆಯಲ್ಲಿ. ಭಾಲ್ಕಿ ಕಡೆಯಿಂದ ಬಂದು ಬಟ್ಟೆ ಅಂಗಡಿ ಇಟ್ಟಿದ್ದ ಜನ. ಹುಡುಗ ಹುಡುಗಿ ಒಪ್ಪಿದ್ದರು, ಹಿರಿಯರು ಕೂತು ಮಾತು ಗಟ್ಟಿ ಮಾಡುವುದಷ್ಟೇ ಬಾಕಿ. ದಿನ ಗೊತ್ತಾಗಿತ್ತು, ಮುಂದಕ್ಕೆ ಹಾಕಿದರೆ ಏನೆಂದುಕೊಳ್ಳುತ್ತಾರೋ ಎಂದು ಎಲ್ಲರೂ ಬಸ್ಸು ಹತ್ತಿದೆವು.

ಗಂಟಲು ನೋವೆಂದು ನಾನು ಮೊದಲೇ ಹೇಳಿದೆ. ಹುಡುಗನ ತಾಯಿ ಒಪ್ಪಲಿಲ್ಲ. ಅತ್ತೆಯವರ ಮುಖವನ್ನೇ ನೋಡುತ್ತಿದ್ದ ಆಕೆ, “ಗಂಟ್ಲ ನೋವಿದ್ರ ಕೆಮ್ಮರ ಬರ್ತದ. ಇವರ್ ಬರೇ ಬಾಯಿ ತೆರೀತಾರ, ಮುಚ್ಚತಾರ. ನಮ್ಮ ಮನಿ ಮನಸ್ಸಿಗೆ ಬಂದಿಲ್ಲಂದ್ರ ಹೇಳಿಬಿಡ್ರಿ” ಎಂದರು. ಅತ್ತೆಯವರು ಕೈ ಆಡಿಸಿದರು, ತಲೆ ಆಡಿಸಿದರು. ಕೊನೆಗೆ ಕಣ್ಣಲ್ಲಿ ನೀರು ಬಂತು. ಅದು ಇನ್ನೂ ಕೆಟ್ಟದ್ದಾಯಿತು. ಗೀತಾ ಒಳಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು.

ಅದೇ ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು. ಕಾರ್ಖಾನೆಯ ಎಂಜಿನಿಯರ್ ದೇಶಮುಖ್. “ಸಾಹೇಬ, ಹೀ ಶರಣಮ್ಮಾ ಕೋಣ ಆಹೇ?” ಈ ಶರಣಮ್ಮ ಯಾರು ಎಂದು ಮರಾಠಿಯಲ್ಲಿ ಕೇಳಿದ. ಶರಣಮ್ಮ ಅನ್ನುವ ಬಳಕೆದಾರರು ಮೂರು ದಿನದಿಂದ ಸಂದೇಶ ಕಳಿಸಲು ನೋಡುತ್ತಿದ್ದಾರೆ, ಕಳಿಸುವ ಅನುಮತಿ ಇಲ್ಲವೆಂದು ಬ್ರೋಕರ್ ತಿರುಗಿಸುತ್ತಿದೆ, ನಡೆದದ್ದನ್ನೆಲ್ಲ ಅದು ಬರೆದಿಡುವ ಲಾಗ್ ತುಂಬ ಅದೇ ಎಚ್ಚರಿಕೆ ಎಂದ. ಆ ಪಾಸ್‌ವರ್ಡ್ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ.

ಬೀಗರ ಎದುರಲ್ಲೇ ಲ್ಯಾಪ್‌ಟಾಪ್ ತೆಗೆದು ಇಂಟರ್‌ನೆಟ್ಟಿನ ಡಾಂಗಲ್ ಚುಚ್ಚಿದೆ. ಸವಿತಾ ಕಣ್ಣು ಕೆಂಪು ಮಾಡಿದಳು. ಲಾಗ್ ತೆರೆದು ನೋಡುತ್ತಿದ್ದಂತೆ ಎದುರಿಗೆ ಅತ್ತೆಯವರು ಬಾಯಿ ತೆರೆದರು, ಪರದೆಯ ಮೇಲೆ ಒಂದು ಸಾಲು ಮೂಡಿತು: ಶರಣಮ್ಮ, ಕಳಿಸುವ ಅನುಮತಿ ಇಲ್ಲ. ಮುಚ್ಚಿದರು, ನಿಂತಿತು. ಮತ್ತೆ ತೆರೆದರು, ಇನ್ನೊಂದು ಸಾಲು. ಯೋಚಿಸುತ್ತ ಕೂರಲಿಲ್ಲ. ಪಾತ್ರಗಳ ಫೈಲು ತೆರೆದು, ಕಳಿಸುವವರ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ಅವರ ಹೆಸರು ಸೇರಿಸಿ ಸೇವ್ ಮಾಡಿದೆ.

“...ತಳದಾಗ ಕೊಳತದ್ದು ತುಂಬೀಯಲ್ಲೋ, ನಾಚಿಕಿ ಆಗೂದಿಲ್ಲೇನು ನಿನಗ!” ಎಂಬ ಅತ್ತೆಯವರ ದನಿ ಆ ಮನೆಯ ತೊಲೆಗೆ ತಾಗಿತು.

ಅವರೆದುರು ಸಿಹಿಯ ತಟ್ಟೆ ಹಿಡಿದು ನಿಂತಿದ್ದ ಹುಡುಗನ ತಂದೆ ಅಲ್ಲೇ ಕಲ್ಲಾದರು. ಅತ್ತೆಯವರು ಒಂದು ಕ್ಷಣ ತಬ್ಬಿಬ್ಬಾಗಿ, ಕೂಡಲೇ ಶುರುಮಾಡಿದರು. ಅದು ದ್ರಾಕ್ಷಿಯವನಿಗೆ ಅಂದದ್ದು, ನಿಮ್ಮ ಮನೆ ಬಂಗಾರದಂಥದ್ದು, ಹುಡುಗ ಹಾಗೆ, ಅಂಗಡಿ ಹೀಗೆ ಎಂದು ಊಟದ ಎಲೆ ಬೀಳುವವರೆಗೂ ಉಸಿರು ಬಿಡಲಿಲ್ಲ. ಹುಡುಗನ ತಾಯಿಯೂ ಮಾತಿನಲ್ಲಿ ಕಡಿಮೆಯವರಲ್ಲ. ಇಬ್ಬರೂ ಸೇರಿ ಮದುವೆ ಅಲ್ಲೇ ಗಟ್ಟಿ ಮಾಡಿದರು. ಗೀತಾಗೆ ಈಗ ಇಬ್ಬರು ಮಕ್ಕಳು.

ನಾನು ಈ ಫೈಲಿನ ಸಂಗತಿಯನ್ನು ಅತ್ತೆಯವರಿಗೆ ಹೇಳಿಲ್ಲ. ಸವಿತಾಳಿಗೆ ಹೇಳಿದಾಗ ನಕ್ಕುಬಿಟ್ಟಳು. ಯಾರೋ ಪಾಸ್‌ವರ್ಡ್ ಕದ್ದಿರಬಹುದು, ಹೊತ್ತು ಕೂಡಿಬಂದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳಿಕೊಂಡೂ ಇದ್ದೆ, ವಾಪಸು ಬರುವ ಬಸ್ಸಿನಲ್ಲಿ ಅತ್ತೆಯವರು ನನ್ನ ಪಕ್ಕದಲ್ಲಿ ಬಂದು ಕೂರುವವರೆಗೆ.

ಆ ಮೂರು ದಿನ ಒಳಗೆ ಏನನಿಸುತ್ತಿತ್ತು ಎಂದು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, ದನಿ ತಗ್ಗಿಸಿ ಹೇಳಿದರು: “ಮಾತು ಬಾಯಿತನಕ ಬರ್ತಿತ್ರೀ. ಅಲ್ಲಿ ಯಾವನೋ ಒಬ್ಬ ಬಾಗಲದಾಗ ನಿಂತು ಯಾರು ಅಂತ ಕೇಳತಿದ್ದ. ಹೆಸರು ಹೇಳತಿದ್ದೆ. ಪ್ರತಿ ಸಲ ಅದ ಮಾತು ಅಂತಿದ್ದ ನೋಡ್ರಿ, ‘ನಿಮ್ಮ ಹೆಸರು ಅದ, ಅಪ್ಪಣಿ ಇಲ್ಲ.’”