ಕೊನೆಯಿಲ್ಲದ ಅಯಸ್ಕಾಂತ

ಕಳೆದ ವಾರ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ ಅದರ ಹೊಟ್ಟೆಯಲ್ಲಿ ಏನೇನು ಉಳಿದಿದೆಯೆಂದು ನೋಡುತ್ತ ಕುಳಿತಿದ್ದೆ. ಒಂದು ಚಿತ್ರ ತೆರೆದುಕೊಂಡಿತು. ಸಾಲಾಗಿ ಐದು ಚೌಕ, ಸುತ್ತಲೂ ಕೆಂಪಿನಿಂದ ನೀಲಿಗೆ ಇಳಿಯುವ ಬಣ್ಣದ ಬಳೆಗಳು. ನೀವು ನೋಡಿದ್ದರೆ ಯಾವುದೋ ಸೀರೆಯ ಸೆರಗು ಅನ್ನುತ್ತಿದ್ದಿರಿ. ಅದು ಬ್ಯಾಡಗಿಯ ಒಂದು ಖಾರದಪುಡಿ ಗಿರಣಿಯ ಅಯಸ್ಕಾಂತಗಳ ಲೆಕ್ಕ.

ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವವನು. ಅಯಸ್ಕಾಂತದ ಬಲ ಎಲ್ಲೆಲ್ಲಿ ಎಷ್ಟೆಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಚಟ. ಕೆಲವರಿಗೆ ಇಸ್ಪೀಟು ಇದ್ದಂತೆ. ಇಂಥವನನ್ನು ಯಾರಾದರೂ ನಿಜವಾದ ಪ್ರಶ್ನೆ ಕೇಳಿಬಿಟ್ಟರೆ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಕೇಳಿದವರು ಶಾಂತವ್ವ. ತಂಗಿಯೊಂದಿಗೆ ಸೇರಿ ಆ ಗಿರಣಿ ನಡೆಸುವವರು. ಮೆಣಸಿನಕಾಯಿಯ ಜೊತೆ ಮೊಳೆ, ತಂತಿಯ ಚೂರು ಬರುವುದುಂಟು. ಅವನ್ನು ಹಿಡಿಯಲೆಂದು ಪುಡಿ ಬೀಳುವ ತಗಡಿನ ಡಬ್ಬಿಯೊಳಗೆ ಐದು ಅಯಸ್ಕಾಂತದ ಪಟ್ಟಿಗಳನ್ನು ಅಡ್ಡಡ್ಡ ಕೂರಿಸಿದ್ದರು.

"ಇಷ್ಟು ಸಾಕೇನ್ರಿ ಸರ? ಮೂಲ್ಯಾಗ ಹಿಡಿಯಂಗಿಲ್ಲ ಅಂತ ನನಗ್ಯಾಕೋ ಸಂಶೆ ಐತಿ," ಎಂದು ಫೋನಿನಲ್ಲಿ ಕೇಳಿದರು.

ಬಸ್ಸು ಹತ್ತಿದರೆ ಬ್ಯಾಡಗಿ ಎಷ್ಟು ದೂರ? ನಾನು ಹತ್ತಲಿಲ್ಲ. ಅಳತೆಗಳನ್ನು ಫೋನಿನಲ್ಲೇ ಬರೆದುಕೊಂಡು, ಲೆಕ್ಕ ಮುಗಿಸಿ, ಆ ಬಣ್ಣದ ಚಿತ್ರವನ್ನು ಕಳಿಸಿ, "ಸಾಕ್ರಿ ಅಕ್ಕಾರ, ಚಿಂತಿ ಬಿಡ್ರಿ," ಎಂದೆ.

ಎರಡು ತಿಂಗಳ ಮೇಲೆ ಹಾವೇರಿಯ ಒಂದು ಮದುವೆಯಲ್ಲಿ ಅಡುಗೆಯ ಗುರುಸಿದ್ದಪ್ಪ ಸಾರಿನ ರುಚಿ ನೋಡುವಾಗ ಸಣ್ಣ ತಂತಿಯ ಚೂರೊಂದು ಅವರ ನಾಲಿಗೆಗೆ ಚುಚ್ಚಿಕೊಂಡಿತು. ಡಾಕ್ಟರು ಅದನ್ನು ಕೊಯ್ದು ತೆಗೆಯಬೇಕಾಯಿತು. ಖಾರದಪುಡಿ ಶಾಂತವ್ವನ ಗಿರಣಿಯದು.

ಶಾಂತವ್ವ ಅಂಗಡಿಗಳಿಗೆ ಹೋಗಿದ್ದ ಪುಡಿಯನ್ನೆಲ್ಲ ವಾಪಸು ತರಿಸಿ, ಗಿರಣಿ ನಿಲ್ಲಿಸಿ, ನನ್ನನ್ನು ಕರೆದರು. ಬೈಯುತ್ತಾರೆ ಎಂದುಕೊಂಡು ಹೋದೆ. ಅವರು ನನ್ನ ಚಿತ್ರವನ್ನು ಮುಂದಿಟ್ಟು ಕೇಳಿದ್ದು ಇಷ್ಟೇ:

"ಇದರಾಗ ಡಬ್ಬಿ ಗ್ವಾಡಿ ಎಲ್ಲೈತ್ರಿ ಸರ?"

"ಗ್ವಾಡಿ ಹಾಕಿಲ್ರಿ."

"ಹಂಗಾರ ಪಟ್ಟಿ ಎಲ್ಲಿ ಮುಗೀತಾವ್ರಿ?"

ಕೆಲಸ ಲಗೂ ಮುಗಿಯಲೆಂದು ಪಟ್ಟಿಗಳನ್ನು ಸೌತೆಕಾಯಿಯಂತೆ ಅಡ್ಡ ಕೊಯ್ದು, ಕೊಯ್ದ ಮುಖದ ಲೆಕ್ಕವನ್ನಷ್ಟೇ ಮಾಡಿದ್ದೆ. ಹಾಗೆ ಮಾಡಿದರೆ ಪಟ್ಟಿಗಳು ಎರಡೂ ಕಡೆ ಕೊನೆಯಿಲ್ಲದಷ್ಟು ಉದ್ದ ಇವೆಯೆಂದು ಒಪ್ಪಿಕೊಂಡಂತೆ. ಶಾಂತವ್ವನ ಪಟ್ಟಿಗಳಿಗೆ ಕೊನೆಯಿತ್ತು. ತುದಿಯ ಎರಡೆರಡು ಬೆರಳು ಬರೀ ಉಕ್ಕಿನ ಕವಚ, ಒಳಗೆ ಅಯಸ್ಕಾಂತವೇ ಇಲ್ಲ.

ಅದೇ ದಿನ ಇಬ್ಬರೂ ಹಾವೇರಿಗೆ ಹೋದೆವು. ಗುರುಸಿದ್ದಪ್ಪ ಹಾಸಿಗೆಯ ಮೇಲೆ ಎದ್ದು ಕುಳಿತರು. ಬಾಯಿ ಇನ್ನೂ ಊದಿತ್ತು.

"ತಪ್ಪು ನಮ್ಮ ಗಿರಣೀದ್ರಿ," ಎಂದರು ಶಾಂತವ್ವ.

"ಅಕ್ಕಾರು ಮೊದಲ ಸಂಶೆ ಹೇಳಿದ್ರು. ಸಾಕು ಅಂದಾಂವ ನಾನ್ರಿ," ಎಂದೆ.

ಗುರುಸಿದ್ದಪ್ಪ ನನ್ನನ್ನೇ ನೋಡಿದರು. "ಗಿರಣಿ ನೋಡಿದ್ರೇನ್ರಿ?"

"ಇಲ್ರಿ."

"ನೋಡದ ಹೇಳಿದ್ರಿ?"

"ಹೌದ್ರಿ."

ಅವರ ಹೆಂಡತಿ ಚಹಾ ತಂದುಕೊಟ್ಟರು. ಅಷ್ಟು ಕಷ್ಟಪಟ್ಟು ನಾನು ಚಹಾ ಕುಡಿದದ್ದು ಅದೊಂದೇ ಸಲ.

ಮರುದಿನದಿಂದ ಗಿರಣಿಯಲ್ಲೇ ಕೂತೆ. ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಡಬ್ಬಿಯ ಮೂರೂ ಅಳತೆ ತೆಗೆದುಕೊಂಡೆ. ದಾರಕ್ಕೆ ಮೊಳೆ ಕಟ್ಟಿ, ಯಾವ ಜಾಗದಲ್ಲಿ ಎಷ್ಟು ವಾಲುತ್ತದೆಂದು ಶಾಂತವ್ವನೇ ತೋರಿಸಿಕೊಟ್ಟರು. ಈ ಸಲ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರ ಎಲ್ಲ ಇದ್ದವು. ಪಟ್ಟಿಯ ತುದಿ, ತಗಡಿನ ಗೋಡೆಯೂ ಇದ್ದವು. ಕಂಪ್ಯೂಟರು ಎರಡು ದಿನ ಒದ್ದಾಡಿತು. ಕೊನೆಗೆ ಎರಡೂ ಗೋಡೆಗಳ ಗುಂಟ, ನೆಟ್ಟಗೆ ಕೆಳಗಿನವರೆಗೆ, ಬಲವಿಲ್ಲದ ನೀಲಿ ಬಣ್ಣದ ಓಣಿಯೊಂದು ಕಾಣಿಸಿತು. ತಂತಿ ಇಳಿದು ಹೋದ ದಾರಿ.

"ಮೂಲಿ ಅಂದಿದ್ನೆಲ್ರಿ," ಎಂದರು ಶಾಂತವ್ವ, ದನಿ ಏರಿಸದೆ.

ಉದ್ದದ ಪಟ್ಟಿಗಳನ್ನು ತರಿಸಿ, ತುದಿಗಳು ಗೋಡೆಯಾಚೆಗೆ ಹೋಗುವಂತೆ ಕೂರಿಸಿದೆವು. ಕೆಳಗೆ ಇನ್ನೊಂದು ಸಾಲು ಹಾಕಿದೆವು. ಶಾಂತವ್ವ ಒಂದು ಹಿಡಿ ತಂತಿಯ ಚೂರುಗಳನ್ನು ಎಣಿಸಿಕೊಂಡು ಪುಡಿಯ ಜೊತೆ ಗೋಡೆಗುಂಟ ಬಿಟ್ಟರು. ಎಲ್ಲವೂ ಪಟ್ಟಿಗೆ ಅಂಟಿದ್ದವು. ಅವರು ಮತ್ತೊಮ್ಮೆ ಎಣಿಸಿದರು, ಆಮೇಲೆ ಗಿರಣಿ ಶುರುವಾಯಿತು.

ಗುರುಸಿದ್ದಪ್ಪ ಒಂದೂವರೆ ತಿಂಗಳಿಗೆ ಒಲೆಯ ಮುಂದೆ ಬಂದರು. ಆದರೆ ನಾಲಿಗೆಯ ಎಡ ಅಂಚಿಗೆ ಈಗಲೂ ರುಚಿ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಯಾವ ಲೆಕ್ಕವೂ ಇಲ್ಲ.

ಮೊನ್ನೆ ಭಾನುವಾರ ಹಾವೇರಿಯಲ್ಲಿ ಒಂದು ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಅಡುಗೆ ಗುರುಸಿದ್ದಪ್ಪನವರದೇ. ನನ್ನನ್ನು ಕಂಡು ಹಿತ್ತಲಿಗೆ ಕರೆದರು.

"ಸರ, ಬರ್ರಿಲ್ಲೆ. ಸಾರಿಗೆ ಉಪ್ಪು ಸಾಕೇನ ನೋಡ್ರಿ."

ನೋಡುವ ಮೊದಲೇ ಬಾಯಿಗೆ ಬಂದ 'ಸಾಕ್ರಿ' ಎಂಬ ಮಾತನ್ನು ತಡೆದುಕೊಂಡೆ. ಸಾರನ್ನು ತಳದಿಂದ ಒಮ್ಮೆ ತಿರುವಿಸಿ, ಅಂಗೈಗೆ ಹಾಕಿಸಿಕೊಂಡು ಕುಡಿದೆ.

"ಇನ್ನಷ್ಟು ಬೇಕ್ರಿ," ಎಂದೆ.

ಗುರುಸಿದ್ದಪ್ಪ ತಾವು ರುಚಿ ನೋಡಲು ಹೋಗಲಿಲ್ಲ. ಒಂದು ಹಿಡಿ ಉಪ್ಪು ತೆಗೆದು ಪಾತ್ರೆಗೆ ಹಾಕಿದರು.