ಗಡ್ಡ ಬರೆದ ಕೈ: ಪ್ರೊಫೆಸೋರಾ ಫಿದೆಲಿನಾ ಒರ್ತೆಯಾದೋ

ನಮ್ಮ ಪರಗ್ವೇ ದೇಶದಲ್ಲಿ ಇತಿಹಾಸ ಕಲಿಸಿದವರು ಬಹಳ ಮಂದಿ. ಕಲಿಸಿದ್ದಕ್ಕೆ ಬೆಲೆ ತೆತ್ತವರು ಕೆಲವರು. ತಾವು ಕಲಿಸಿದ ಇತಿಹಾಸದ ಫಲವನ್ನು ತಮ್ಮ ಊರಿನಲ್ಲೇ, ಕಣ್ಣೆದುರಿಗೇ ಕಂಡು, ಆಮೇಲೂ ಪಾಠದ ಕೋಣೆಗೆ ಮರಳಿದವರು ಬೆರಳೆಣಿಕೆಯಷ್ಟು. ಕಾಪಿಪುಕು ಹಳ್ಳಿಯ ಶಾಲೆಯಿಂದ ಈ ವರ್ಷ ನಿವೃತ್ತರಾಗುತ್ತಿರುವ ಪ್ರೊಫೆಸೋರಾ ಫಿದೆಲಿನಾ ಒರ್ತೆಯಾದೋ ಅವರು ಆ ಕೊನೆಯ ಸಾಲಿಗೆ ಸೇರಿದವರು. ಅಭಿನಂದನ ಗ್ರಂಥವೆಂದರೆ ಸಿಹಿಯನ್ನಷ್ಟೇ ಬಡಿಸಬೇಕೆಂಬ ವಾಡಿಕೆಯುಂಟು. ಆದರೆ ಶಿಷ್ಯರಾದ ನಾವು ಈ ಗ್ರಂಥದ ಮಾತೆತ್ತಿದಾಗ ಅವರು ಹೇಳಿದ್ದು ಇಷ್ಟೇ: "ತಾಸಿಯೋ ವಿಷಯ ಬಿಟ್ಟು ನನ್ ಬಗ್ಗೆ ಏನ್ ಬರೆದ್ರೂ ಅದು ಸುಳ್ಳೇ ಕಣ್ರಪ್ಪ. ಬರೆಯೋದಾದ್ರೆ ಅದನ್ನ ಬರೀರಿ, ಇಲ್ದಿದ್ರೆ ಸುಮ್ನಿರಿ." ಗುರುಗಳ ಮಾತನ್ನು ಮೀರುವ ಧೈರ್ಯ ನಮಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಅವರು ಕಾಪಿಪುಕುವಿಗೆ ಬಂದಾಗ ಇಪ್ಪತ್ತರ ಹರೆಯ. ಪಠ್ಯದಲ್ಲಿ, ನೂರು ವರ್ಷಗಳ ಹಿಂದೆ ನಮ್ಮ ದೇಶ ನೆರೆಯವರೊಡನೆ ಕಾದಾಡಿದ ಮಹಾಯುದ್ಧದ ಪಾಠಕ್ಕೆ ಎರಡೇ ತಲೆಬರಹಗಳು, ಕಾರಣಗಳು ಮತ್ತು ಪರಿಣಾಮಗಳು. ಉಳಿದ ಶಾಲೆಗಳಲ್ಲಿ ಮಕ್ಕಳು ಮೊದಲನೆಯದನ್ನು ಉರುಹೊಡೆಯುವಷ್ಟರಲ್ಲಿ ಪರೀಕ್ಷೆ ಬಂದುಬಿಡುತ್ತಿತ್ತು. ಫಿದೆಲಿನಾ ಅವರು ಪಾಠವನ್ನು ಬಾಲದಿಂದ ಹಿಡಿಯುತ್ತಿದ್ದರು. "ನಿಮ್ಮ ಮನೆತನದ ಹೆಸರು ಯಾರ ಕಡೆಯಿಂದ ಬಂತು, ಅಜ್ಜೀನ ಕೇಳ್ಕೊಂಡ್ ಬನ್ನಿ" ಎಂದು ಕಳಿಸುತ್ತಿದ್ದರು. ಮರುದಿನ ಮಕ್ಕಳು ತಂದ ಉತ್ತರ ಹೆಚ್ಚುಕಡಿಮೆ ಒಂದೇ: ಮುತ್ತಜ್ಜಿಯ ತಾಯಿಯಿಂದ. "ಮತ್ತೆ ಅಪ್ಪನ ಹೆಸರು ಯಾಕಿಲ್ಲ?" ಎಂದು ಕೇಳಿದರೆ ಯಾವುದೋ ಮೂಲೆಯಿಂದ ಸಣ್ಣ ದನಿ ಬರುತ್ತಿತ್ತು: "ಆಗ ಅಪ್ಪಂದಿರೇ ಉಳಿದಿರ್ಲಿಲ್ವಂತೆ ಟೀಚರ್." ಪರಿಣಾಮ ಹೀಗೆ ಮನೆಬಾಗಿಲಿಗೇ ಬಂದು ನಿಂತ ಮೇಲೆ ಕಾರಣಗಳ ಸರದಿ.

ಉರುಗ್ವೇಯ ಮನೆಜಗಳದಲ್ಲಿ ಬ್ರೆಜಿಲ್ ಕೈಹಾಕಿದ್ದು, ಅದಕ್ಕೆ ಸಿಟ್ಟಾಗಿ ಆಗ ನಮ್ಮನ್ನಾಳುತ್ತಿದ್ದ ಮಾರ್ಷಲ್ ಬ್ರೆಜಿಲ್ಲಿನ ಹಡಗನ್ನು ಹಿಡಿದದ್ದು, ಸೈನ್ಯ ದಾಟಲು ಅರ್ಜೆಂಟೀನಾ ದಾರಿ ಬಿಡದಿದ್ದದ್ದು, ಕೊನೆಗೆ ಮೂರು ನೆರೆಯವರೂ ಒಂದಾಗಿ ನಮ್ಮ ಮೇಲೆ ಬಿದ್ದದ್ದು: ಇದನ್ನೆಲ್ಲ ಅವರು ಬೇಲಿ ಜಗಳದ ಕಥೆಯಂತೆ ಬಿಡಿಸಿ ಹೇಳುತ್ತಿದ್ದರು. ಕೋಣಗಳು ಕಾದಾಡಿದರೆ ಗಿಡಕ್ಕೆ ಮೃತ್ಯು. ಆ ಗಿಡ ಯಾವುದೆಂದು ನಮಗೆ ಬೇರೆ ಹೇಳಬೇಕಿರಲಿಲ್ಲ. ಮಾರ್ಷಲ್ಲರ ಹಟವೂ ಒಂದು ಕಾರಣವೆನ್ನುವ ಕಾಲ ಮಾತ್ರ ಅದಾಗಿರಲಿಲ್ಲ. ರಾಜಧಾನಿಯ ಸರ್ವಾಧಿಕಾರಿಗಳು ಮಾರ್ಷಲ್ಲರ ಪಟದ ಕೆಳಗೇ ಕುಳಿತು ಆಳುತ್ತಿದ್ದರು.

ಬರಿಗಾಲಲ್ಲಿ ಬಂದ ಮಕ್ಕಳ ಪಾದ ಹೊಕ್ಕ ಹುಳುವನ್ನು ಸೂಜಿಯಿಂದ ತಾವೇ ಬಿಡಿಸಿ, ಹಸಿದು ಬಂದವರ ಕೈಗೆ ಬೇಯಿಸಿದ ಮರಗೆಣಸು ಇಟ್ಟು, ಬಳಿಕ ಹಾಜರಿ ಕೂಗುತ್ತಿದ್ದ ಆ ದಿನಗಳಲ್ಲಿ ಅವರ ಕೀರ್ತಿಯನ್ನು ಸುತ್ತಲಿನ ಊರುಗಳಿಗೆ ಹಬ್ಬಿಸಿದ್ದು ಪಾಠವಲ್ಲ, ನಾಟಕ. ಆಗಸ್ಟ್ ಹದಿನಾರು ನಮ್ಮಲ್ಲಿ ಮಕ್ಕಳ ದಿನ. ಆ ಮಹಾಯುದ್ಧದಲ್ಲಿ ದೊಡ್ಡವರೆಲ್ಲ ಸತ್ತು ಸೈನ್ಯಕ್ಕೆ ಆಳಿಲ್ಲದಾದಾಗ, ದೂರದಿಂದ ಗಂಡಸರಂತೆ ಕಾಣಲೆಂದು ಹುಡುಗರಿಗೆ ಹುಸಿಗಡ್ಡ ಅಂಟಿಸಿ, ನಮ್ಮೂರ ಬಯಲಲ್ಲೇ ಬ್ರೆಜಿಲ್ಲಿನ ಕುದುರೆಸವಾರರ ಎದುರು ನಿಲ್ಲಿಸಿದ ದಿನ ಅದು. ಪ್ರತಿವರ್ಷ ಶಾಲೆಯ ಮಕ್ಕಳು ಆ ಕಾಳಗವನ್ನು ಆಡಿ ತೋರಿಸಿ, ಸತ್ತು, ಎದ್ದು, ಬಿಸಿ ಚಾಕೊಲೇಟ್ ಕುಡಿದು ಮನೆಗೆ ಹೋಗುವುದು ರೂಢಿ. ಸುಟ್ಟ ಜೋಳದ ದಿಂಡಿನ ಮಸಿಗೆ ಹಂದಿಯ ಕೊಬ್ಬು ಕಲಸಿ ಫಿದೆಲಿನಾ ಅವರು ಬರೆಯುತ್ತಿದ್ದ ಗಡ್ಡದ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಬೇಕಿಲ್ಲ.

ತಾಸಿಯೋ, ಸಂತೆಯಲ್ಲಿ ಚಿಪಾ ರೊಟ್ಟಿ ಮಾರುವ ವಿಧವೆ ಸೆಫೆರಿನಾ ಅವರ ಒಬ್ಬನೇ ಮಗ. ಓದಿನಲ್ಲಿ ಅಷ್ಟಕ್ಕಷ್ಟೆ, ಸಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೈ ಊರದೆ, ಕಡಿದ ಬಾಳೆಗಿಡದಂತೆ ಬೀಳುತ್ತಿದ್ದ. ನೋಡುವ ಹೆಂಗಸರು ಅಳುತ್ತಿದ್ದರು. "ಏನ್ ಚೆನ್ನಾಗ್ ಬಿದ್ಯೋ ಮರಿ!" ಎಂದು ಟೀಚರ್ ಬೆನ್ನು ತಟ್ಟಿದರೆ ಅವನಿಗೆ ಅದೇ ಇಡೀ ವರ್ಷದ ಬಹುಮಾನ.

ಅವನಿಗೆ ಹದಿನಾಲ್ಕಾದಾಗ, ಒಂದು ಸಂತೆಯ ದಿನ ಬೆಳಿಗ್ಗೆ, ಹುಡುಗರನ್ನು ಸೇನೆಗೆ ಹಿಡಿದೊಯ್ಯುವ ಲಾರಿ ಬಂತು. ಹದಿನೆಂಟು ತುಂಬಿರಬೇಕೆಂಬ ಕಾನೂನು ಇದ್ದೇ ಇತ್ತು, ಕೇಳುವವರಿರಲಿಲ್ಲ. ದೊಡ್ಡ ಹುಡುಗರೆಲ್ಲ ಎದ್ದೆನೋ ಬಿದ್ದೆನೋ ಎಂದು ಗೆಣಸಿನ ಹೊಲಕ್ಕೆ ಓಡಿದರು. ತಾಸಿಯೋ ತಾನಾಗಿ ಲಾರಿ ಹತ್ತಿದ.

"ಏನಲಾ, ಗಂಡ್ಸಾ ನೀನು? ಮೀಸೆ ಎಲ್ಲಲಾ?" ಎಂದು ಸಾರ್ಜೆಂಟ್ ಗೇಲಿ ಮಾಡಿದ.

"ಮೀಸೆ ಏನ್ ಬಂತು ಸ್ವಾಮಿ, ಬೇಕಾದ್ರೆ ಗಡ್ಡಾನೇ ಬರ್ಕೊಡ್ತಾರೆ ನಮ್ ಟೀಚರು!"

ಸಂತೆಗೆ ಸಂತೆಯೇ ನಕ್ಕಿತು. ತರಕಾರಿ ಕೊಳ್ಳುತ್ತಿದ್ದ ಫಿದೆಲಿನಾ ಅವರೂ ನಕ್ಕರು. ಹುಡುಗ ಇಳಿದಿಲ್ಲವೆಂದು ಅವರಿಗೆ ಅರಿವಾದದ್ದು ಲಾರಿ ಊರು ದಾಟಿದ ಮೇಲೆ.

ಅಂದು ಮಧ್ಯಾಹ್ನವೇ ಅವರು ಊರಿನ ಆಳುವ ಪಕ್ಷದ ಮುಖಂಡ ಡಾನ್ ಎರ್ಮೆಲಿಂದೋ ಅವರ ಮನೆಗೆ ಹೋದರು. ಆತ ಒಂದು ಮಾತು ಹೇಳಿದ್ದರೆ ಹುಡುಗ ಮರಳಿ ಬರುತ್ತಿದ್ದ. ಜಗಲಿಯಲ್ಲಿ ಕಾಲು ಚಾಚಿಕೊಂಡು ತಣ್ಣನೆಯ ತೆರೆರೆ ಹೀರುತ್ತಿದ್ದ ಆ ಮಹಾಶಯರು ಸಾವಧಾನವಾಗಿ ಕೇಳಿಸಿಕೊಂಡರು.

"ಅಲ್ಲಾ ಪ್ರೊಫೆಸೋರಾ, ವರ್ಷಾವರ್ಷ ಗಡ್ಡ ಬರ್ದು ಮಕ್ಕಳನ್ನ ಯುದ್ಧಕ್ಕೆ ಕಳಿಸೋರು ನೀವು. ಒಬ್ಬ ನಿಜ್ವಾಗ್ಲೂ ಹೋದ ಅಂದ್ರೆ ಎದೆ ಒಡ್ಕೊಂಡ್ ಓಡ್ಬರ್ತೀರಲ್ಲ?"

"ಅದು ನಾಟಕ ಡಾನ್ ಎರ್ಮೆಲಿಂದೋ. ಅವನಿನ್ನೂ ಮಗು."

"ಆಗ ಬಯಲಲ್ಲಿ ನಿಂತಿದ್ದೋರೂ ಮಕ್ಕಳೇ. ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಡಾನ್ ಎರ್ಮೆಲಿಂದೋ ತಮ್ಮ ಜೀವಮಾನದಲ್ಲಿ ಆಡಿದ ನಿಜಗಳು ಕಡಿಮೆ. ದುರದೃಷ್ಟಕ್ಕೆ ಇದು ಅವುಗಳಲ್ಲೊಂದು.

ಬೇಸಿಗೆ ಬಲಿಯುವಷ್ಟರಲ್ಲಿ ತಾಸಿಯೋ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಬಂದ. ಬಿಸಿಲ ಝಳ ತಡೆಯಲಿಲ್ಲವೆಂದರು ಸೇನೆಯವರು. ಮುಚ್ಚಳ ತೆಗೆಯಲು ಬಿಡಲಿಲ್ಲ. ಮಗನ ಮುಖವನ್ನೂ ಕಾಣದ ತಾಯಿ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ಒಳಗೆ ಬಂದ ಫಿದೆಲಿನಾ ಅವರನ್ನು ತಲೆಯೆತ್ತಿ ನೋಡಿ, ಅಳದೆ ಹೇಳಿದರು: "ಬೀಳೋದು ಚೆನ್ನಾಗ್ ಕಲ್ಸಿದ್ರಿ ಟೀಚರಮ್ಮ." ಫಿದೆಲಿನಾ ಅವರು ಬೆಳಗಿನವರೆಗೆ ಬಾಗಿಲ ಬಳಿ ನಿಂತೇ ಇದ್ದರು. ಕೂರಲು ಯಾರೂ ಹೇಳಲಿಲ್ಲ.

ಮತ್ತೆ ಆಗಸ್ಟ್ ಬಂತು. ಈ ಸಲ ಮೇಲಧಿಕಾರಿಗಳೂ ಬರುವವರಿದ್ದರು. "ಗಡ್ಡ ಇರ್ಬೇಕು, ಮಾರ್ಷಲ್ಲರಿಗೆ ಜೈಕಾರ ಇರ್ಬೇಕು. ಹೆಚ್ಚು ಕಮ್ಮಿ ಆದ್ರೆ ನಿಮ್ಮ ಕೆಲಸ ಉಳಿಯಲ್ಲ" ಎಂದು ಡಾನ್ ಎರ್ಮೆಲಿಂದೋ ಮುಂಚಿತವಾಗಿಯೇ ಎಚ್ಚರಿಸಿದ್ದರು. ಮುದಿ ತಂದೆಯ ಔಷಧಿಯಿಂದ ಹಿಡಿದು ಒಲೆಯ ಸೌದೆಯವರೆಗೆ ಎಲ್ಲವೂ ಆ ಕೆಲಸದ ಮೇಲೇ ನಿಂತಿತ್ತು.

ಅಂದು ಮಕ್ಕಳು ಬರಿಮುಖದಲ್ಲಿ ಬಯಲಿಗಿಳಿದರು. ನಾವೂ ಅವರಲ್ಲಿದ್ದೆವು. ಹಾಲುಗಲ್ಲದ ಮುಖಗಳನ್ನು ಕಂಡು ಜನಕ್ಕೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ನಾವೆಲ್ಲ ಬಿದ್ದ ಮೇಲೆ ಫಿದೆಲಿನಾ ಅವರು ಗುಂಪಿನತ್ತ ತಿರುಗಿ, "ತಾಯಂದಿರು ಬನ್ನಿ, ನಿಮ್ಮ ನಿಮ್ಮ ಮಕ್ಕಳನ್ನ ಹುಡುಕ್ಕೊಳ್ಳಿ" ಎಂದರು. ನಿಜವಾದ ಕಾಳಗದ ಬಳಿಕವೂ ತಾಯಂದಿರು ಕಾಡಿನಿಂದ ಹೊರಬಂದು ಹಾಗೆಯೇ ಹುಡುಕಿದ್ದರಂತೆ. ನಮ್ಮ ಅಮ್ಮಂದಿರು ನಾಟಕವೆಂಬುದನ್ನೂ ಮರೆತು, ನಮ್ಮನ್ನು ಎತ್ತಿ ಅವುಚಿಕೊಂಡರು. ಆಗ ಯಾರೂ ಕರೆಯದ ಸೆಫೆರಿನಾ ಕರಿಯ ಉಡುಪಿನಲ್ಲಿ ಬಂದು, ಇನ್ನೂ ಮಲಗಿದ್ದ ಒಬ್ಬೊಬ್ಬರ ಮುಖವನ್ನೂ ಬಗ್ಗಿ ನೋಡುತ್ತ ಹೋದರು. ಒಂದೊಂದಾಗಿ ಮಕ್ಕಳೆಲ್ಲ ತಾಯಂದಿರ ಪಾಲಾದರು. ಖಾಲಿಯಾದ ಬಯಲಲ್ಲಿ ಆಕೆ ಒಬ್ಬರೇ ಉಳಿದರು.

ಫಿದೆಲಿನಾ ಅವರು ಆಕೆಯ ಎದುರು ಹೋಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಮಕ್ಕಳೇ, ಯುದ್ಧಕ್ಕೆ ಇನ್ನೊಂದು ಕಾರಣ ಇದೆ, ಪುಸ್ತಕದಲ್ಲಿಲ್ಲ. ನಿಮ್ಮ ಮುಖಕ್ಕೆ ಗಡ್ಡ ಬರೆದ ದೊಡ್ಡೋರು. ಅವರಲ್ಲಿ ನಾನೂ ಒಬ್ಬಳು."

ಸೆಫೆರಿನಾ ಪಕ್ಕಕ್ಕೆ ಸರಿದು, ಟೀಚರನ್ನು ದಾಟಿ ಮನೆಯತ್ತ ನಡೆದರು.

ವಾರ ಕಳೆಯುವುದರೊಳಗೆ ವರ್ಗಾವಣೆಯ ಆಜ್ಞೆ ಬಂತು. ಚಾಕೋದ ಮುಳ್ಳುಕಾಡಿನಲ್ಲಿ, ಕುಡಿಯುವ ನೀರಿಗೂ ಆಕಾಶವನ್ನೇ ನೋಡಬೇಕಾದ ಶಾಲೆಯೊಂದರಲ್ಲಿ ಅವರು ತಮ್ಮ ನಡುವಯಸ್ಸನ್ನು ಕಳೆದರು. ತಂದೆಯ ಕೊನೆಗಾಲಕ್ಕೆ ಬಂದು ಮುಟ್ಟಲಾಗಲಿಲ್ಲ. ಸರ್ವಾಧಿಕಾರಿ ಬಿದ್ದ ಮೇಲೆ ರಾಜಧಾನಿಯ ಒಳ್ಳೆಯ ಶಾಲೆಯೊಂದು ಅವರನ್ನು ಕರೆದರೂ, ಅವರು ಕೇಳಿ ಪಡೆದದ್ದು ಕಾಪಿಪುಕುವನ್ನೇ. ಅಲ್ಲಿಂದೀಚೆಗೆ ನಮ್ಮೂರಲ್ಲಿ ಗಡ್ಡ ಬರೆಯುವುದಿಲ್ಲ. ಸೇನೆಯ ಲಾರಿ ಬಂದ ಸಂತೆಗಳಲ್ಲಿ, ಸೊಂಟನೋವನ್ನು ಲೆಕ್ಕಿಸದೆ ಅದರ ಮುಂದೆ ಅಡ್ಡ ನಿಂತು ಅವರು ಇಳಿಸಿಕೊಂಡ ಹುಡುಗರು ಹಲವರು. ಅವರಲ್ಲಿ ಕೆಲವರು ಈ ಗ್ರಂಥಕ್ಕೆ ಬರೆದಿದ್ದಾರೆ. ಆದರೂ ಫಿದೆಲಿನಾ ಅವರ ಬಾಯಲ್ಲಿ ಇಳಿಸಿಕೊಂಡವರ ಹೆಸರು ಬಂದದ್ದನ್ನು ನಾವು ಕೇಳಿಲ್ಲ.

ಇಂತಹ ಹಿರಿಯರಿಗೆ ಆಯುರಾರೋಗ್ಯಗಳನ್ನು ಕೋರಿ, ಅವರ ಪಾಠ ಮುಂದುವರಿಯಲೆಂದು ಹಾರೈಸುವ ಹೊತ್ತಿನಲ್ಲಿ, ಆ ಹಾರೈಕೆಗೆ ನಮಗಿಂತ ಹೆಚ್ಚಿನ ಹಕ್ಕುಳ್ಳ ಒಬ್ಬರಿದ್ದಾರೆಂದು ಅನ್ನಿಸಿ, ಕಳೆದ ವಾರ ಸೆಫೆರಿನಾ ಅವರ ಮನೆಗೆ ಹೋಗಿದ್ದೆವು. ಆಕೆ ಚಿಪಾ ಹಿಟ್ಟು ನಾದುತ್ತಿದ್ದರು. ನಾವು ಬಂದ ಕಾರಣವನ್ನು ಹೇಳಿದೆವು. ಹಿಟ್ಟಿನಿಂದ ಕೈ ತೆಗೆಯದೆ ಹೇಳಿದರು:

"ಕ್ಷಮಿಸಿದೀನಿ ಅಂತ ಮಾತ್ರ ಬರೀಬೇಡಿ. ಕ್ಷಮಿಸಿಲ್ಲ. ಆದ್ರೂ ಆಯಮ್ಮ ನನಗಿಂತ ಹೆಚ್ಚು ಕಾಲ ಬದುಕ್ಲಿ. ನನ್ ಮಗನ ಮುಖ ನೆನಪಿಟ್ಕೊಂಡಿರೋರು ಅಂತ ಈ ಊರಲ್ಲಿ ಉಳಿದಿರೋದು ನಾವಿಬ್ರೇ."