ಹತ್ತು ಷೇರಿನ ಧಣಿ

ಷೇರು ಮಾರುಕಟ್ಟೆ ಕಲಿಯುವುದು ಹೇಗೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಗೊತ್ತಿಲ್ಲವೆಂದಲ್ಲ. ಪಾಠ ಈಗಲೂ ಬಾಯಿಗೆ ಬರುತ್ತದೆ. ಅಂದು ಕೊಂಡ ಹತ್ತು ಷೇರು ಈಗಲೂ ನನ್ನ ಖಾತೆಯಲ್ಲಿವೆ. ಮಾರಿದರೂ ಪಾಪ, ಇಟ್ಟುಕೊಂಡರೂ ಪಾಪ ಅನ್ನಿಸಿ ಹಾಗೇ ಬಿಟ್ಟಿದ್ದೇನೆ.

ಆಗ ನಾನೂ ನನ್ನೊಬ್ಬ ಗೆಳೆಯನೂ ಅಹಮದಾಬಾದಿನ ವಟ್ವಾದಲ್ಲಿ, ಬಟ್ಟೆಯ ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿದ್ದೆವು. ನಾನು ತುಮಕೂರಿನ ಕಡೆಯವನು, ಲ್ಯಾಬಿನಲ್ಲಿ ಕೆಲಸ. ಅವನು ಬಾಗಲಕೋಟೆಯವನು, ರಾಸಾಯನಿಕ ಬೆರೆಸುವ ದೊಡ್ಡ ಪಾತ್ರೆ, ಅಂದರೆ ರಿಯಾಕ್ಟರ್ ನೋಡಿಕೊಳ್ಳುವ ಆಪರೇಟರ್. ಒಂದೇ ಬಾಡಿಗೆ ಮನೆ, ಒಂದೇ ಕುಕ್ಕರು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಅವನ ದಿಂಬಿನ ಮೇಲೆ ಹಳದಿ ಕಲೆ ಉಳಿಯುತ್ತಿತ್ತು. ಕಾರ್ಖಾನೆಯಲ್ಲಿ ಅವನ ತಲೆಗೂದಲಿಗೆ ಅಂಟಿ ಬಂದ ಬಣ್ಣ ಅದು.

ಕೆಳಗಿನ ಮಹಡಿಯಲ್ಲಿದ್ದ ಮನೆ ಮಾಲೀಕರನ್ನು ಎಲ್ಲರಂತೆ ನಾವೂ ಕಾಕಾ ಎನ್ನುತ್ತಿದ್ದೆವು. ಕ್ಷೌರದಂಗಡಿಯಲ್ಲೂ ಷೇರಿನ ಮಾತೇ ನಡೆಯುವ ಊರು ಅದು. ನಮಗೆ ಅದರ ಗಂಧಗಾಳಿಯೂ ಇಲ್ಲವೆಂದು ತಿಳಿದು ಕಾಕಾಗೆ ನಿಜಕ್ಕೂ ಕನಿಕರವಾಯಿತು. ಒಂದು ಭಾನುವಾರ ಬೆಳಿಗ್ಗೆ ಫಾಫ್ಡಾ ಎಂಬ ಕಡಲೆಹಿಟ್ಟಿನ ಕುರುಕಲು, ಜಿಲೇಬಿ ತರಿಸಿ ನಮ್ಮನ್ನು ಎದುರಿಗೆ ಕೂರಿಸಿಕೊಂಡರು. ಕಂಪನಿಯನ್ನು ಲಕ್ಷಗಟ್ಟಲೆ ಪಾಲು ಮಾಡಿ ಮಾರುತ್ತಾರೆ, ಒಂದೇ ಪಾಲು ಕೊಂಡರೂ ನೀವು ಮಾಲೀಕರು ಎಂದರು. ಲಾಭವನ್ನು ಹಂಚಿದರೆ ಅದು ಡಿವಿಡೆಂಡ್. ಮೂರು ತಿಂಗಳಿಗೊಮ್ಮೆ ಕಂಪನಿ ಲೆಕ್ಕ ಒಪ್ಪಿಸಬೇಕು; ಲೆಕ್ಕ ಚೆನ್ನಾಗಿದ್ದರೆ ಸಾಮಾನ್ಯವಾಗಿ ಬೆಲೆ ಏರುತ್ತದೆ, ಕೆಟ್ಟರೆ ಇಳಿಯುತ್ತದೆ. ದೊಡ್ಡದೇನಾದರೂ ನಡೆದರೆ ಬಚ್ಚಿಡುವಂತಿಲ್ಲ, ಷೇರುಪೇಟೆಗೆ ಬರೆದು ತಿಳಿಸಬೇಕು. ಕೊನೆಗೆ ಹೇಳಿದರು: "ಜೋ ಧಂಧಾ ಸಮಝ್ ಮೇ ಆಯೇ, ವಹೀ ಲೇನಾ." ಅರ್ಥವಾಗುವ ವ್ಯಾಪಾರಕ್ಕೆ ಮಾತ್ರ ದುಡ್ಡು ಹಾಕಿ ಎಂದು.

ನಮಗೆ ಅರ್ಥವಾಗುತ್ತಿದ್ದ ವ್ಯಾಪಾರ ಒಂದೇ, ನಮ್ಮ ಕಾರ್ಖಾನೆಯದು. ಗೇಟಿನಿಂದ ಲಾರಿಗಳು ತುಂಬಿ ಹೊರಡುವುದನ್ನು ದಿನಾ ನೋಡುತ್ತಿದ್ದೆವಲ್ಲ! ಫೋನಿನಲ್ಲೇ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದು, ಅದರದೇ ತಲಾ ಹತ್ತು ಷೇರು ಕೊಂಡೆವು.

ಅಂದಿನಿಂದ ಅವನು ಧಣಿ. ಕ್ಯಾಂಟೀನಿನ ಸಾಲಿನಲ್ಲಿ "ಸರೀರಿ, ಮಾಲಕರು ಬಂದಾರ" ಎಂದು ಕನ್ನಡದಲ್ಲೇ ಹೇಳಿ ನುಗ್ಗುತ್ತಿದ್ದ. ನೆಲಕ್ಕೆ ಬಣ್ಣದ ಪುಡಿ ಚೆಲ್ಲಿದರೆ "ನಮ್ಮ ಮಾಲ್ ಹಾಳಾತು" ಎಂದು ಕೊರಗುತ್ತಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಎಂದು ರೇಗಿಸಿದರೆ, "ಮೊದಲ ಡಿವಿಡೆಂಡ್ ಬರ್ಲಿ, ಕೊಡಿ ಆಮ್ಯಾಲ ತರೂಣು" ಎನ್ನುತ್ತಿದ್ದ. ಪ್ಲಾಂಟಿನೊಳಗೆ ಫೋನ್ ಒಯ್ಯುವಂತಿರಲಿಲ್ಲ, ಲ್ಯಾಬಿನಲ್ಲಿ ಅಡ್ಡಿಯಿರಲಿಲ್ಲ. ಹಾಗಾಗಿ ಪಾಳಿ ಮುಗಿದ ಕೂಡಲೇ ಲ್ಯಾಬಿನ ಬಾಗಿಲಲ್ಲಿ ನಿಂತು ನನ್ನನ್ನೇ ಕೇಳುತ್ತಿದ್ದ: "ಏನ್ರಿ ಧಣ್ಯಾರ, ನಮ್ಮ ಕಂಪನಿ ಹ್ಯಾಂಗೈತಿ?"

ಅವನ ರಿಯಾಕ್ಟರಿಗೆ ಆಸಿಡ್ ತರುವ ಪೈಪು ಕೂಡುವ ಜಾಗದಲ್ಲಿ, ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ಬಿಲ್ಲೆ ಸವೆದು ಹನಿ ಒಸರತೊಡಗಿತ್ತು. ಮೊದಲಾಗಿದ್ದರೆ ಇಂಥದ್ದು ಕಂಡರೆ ಸೂಪರ್‌ವೈಸರನ ಬೆನ್ನು ಬಿಡದೆ ರಿಪೇರಿ ಮಾಡಿಸುತ್ತಿದ್ದವನು ಅವನೇ. ಜಗಳಗಂಟ ಎಂಬ ಹೆಸರನ್ನೂ ಅದರಿಂದಲೇ ಗಳಿಸಿದ್ದ. ಈ ಸಲ ಸೂಪರ್‌ವೈಸರ್, ಬದಲಿಸಲು ಇಡೀ ದಿನ ಲೈನ್ ನಿಲ್ಲಿಸಬೇಕು, ಮೂರು ತಿಂಗಳ ಲೆಕ್ಕ ಮುಗಿಯುವ ಹೊತ್ತು, ಈ ತಿಂಗಳೊಂದು ಕಳೆಯಲಿ ಎಂದನಂತೆ. ಇವನು ಸುಮ್ಮನೆ ಬಂದಿದ್ದ.

"ತಲೆ ಕೆಟ್ಟಿದ್ಯೇನೋ? ಅದರ ಪಕ್ಕ ನಿಲ್ಲೋನು ನೀನೇ ಅಲ್ವಾ?" ಎಂದು ನಾನು ಬೈದೆ.

"ಒಂದ್ ದಿನ ಲೈನ್ ನಿಂತ್ರ ಲಾಭ ಕಡಿಮಿ ಆಕ್ಕೈತಿ. ಲಾಭ ಕಡಿಮಿ ಆದ್ರ ಷೇರ್ ಬೀಳ್ತೈತಿ. ಕಾಕಾ ಹೇಳಿಲ್ಲೇನು?" ಎಂದು ನಕ್ಕ.

ತಮಾಷೆಗೆ ಅಂದನೋ ನಿಜವಾಗಿ ಅಂದನೋ ನನಗೆ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇದ್ದಿರಬೇಕು. ಷೇರು ಹತ್ತು ರೂಪಾಯಿ ಬಿದ್ದರೂ ಅವನ ಕೈಯಿಂದ ಹೋಗುತ್ತಿದ್ದದ್ದು ನೂರು ರೂಪಾಯಿ, ಹೋಟೆಲಿನ ಒಂದು ಊಟದ ದುಡ್ಡು. ಮಾಲೀಕ ಎಂಬ ಮಾತು ಮಾತ್ರ ಅವನಿಗೆ ಬಹಳ ರುಚಿಸಿತ್ತು. ಅಷ್ಟು ವರ್ಷ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ತಿಂಗಳು ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಗ್ಯಾಸ್ಕೆಟ್ ಹರಿದು ಆಸಿಡ್ ಅವನ ಮುಖಕ್ಕೆ ಚಿಮ್ಮಿತು. ಕೂಗು ಲ್ಯಾಬಿನವರೆಗೂ ಕೇಳಿಸಿತು. ನಾನು ಓಡಿ ಹೋದಾಗ ಇಬ್ಬರು ಅವನನ್ನು ಪ್ಲಾಂಟಿನ ತುರ್ತು ಷವರಿನ ಕೆಳಗೆ ಹಿಡಿದು ನಿಲ್ಲಿಸಿದ್ದರು. ಅವನ ತಲೆಯಿಂದ ಇಳಿದ ನೀರು ಹಳದಿಯಾಗಿ ಹರಿಯುತ್ತಿತ್ತು. ಎಡಗಣ್ಣು ಹೋಯಿತು ಎಂದು ಡಾಕ್ಟರು ಅಂದೇ ಹೇಳಿದರು. ಬಲಗಣ್ಣಿನ ಬಗ್ಗೆ ಏನೂ ಹೇಳಲಿಲ್ಲ.

ಮರುದಿನ ಷೇರು ಬಿತ್ತು. ಆಮೇಲೆ ಕಂಪನಿ ಷೇರುಪೇಟೆಗೆ ಒಂದು ಪತ್ರ ಬರೆಯಿತು. ಷೇರು ಮತ್ತೆ ಏರಿತು, ಮೊದಲಿಗಿಂತ ತುಸು ಮೇಲಕ್ಕೇ.

ಅಷ್ಟರಲ್ಲಿ ಊರಿನಿಂದ ಅವನ ಅಕ್ಕ ಬಂದು ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಕೂತಿದ್ದರು. ಅವನ ಎರಡೂ ಕಣ್ಣಿಗೆ ಬ್ಯಾಂಡೇಜ್ ಸುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, ಒಡೆದ ದನಿಯಲ್ಲಿ ಕೇಳಿದ: "ಏನ್ರಿ ಧಣ್ಯಾರ, ಹ್ಯಾಂಗೈತಿ ಕಂಪನಿ?"

ಸುಳ್ಳು ಹೇಳಬೇಕೆನಿಸಿತು. ಯಾವ ಸುಳ್ಳು ಹೇಳಿದರೆ ಅವನಿಗೆ ಹಿತ ಎಂದು ಹೊಳೆಯಲಿಲ್ಲ.

"ಏರಿದೆ ಕಣೋ."

"ಷೇರುಪ್ಯಾಟಿಗೆ ನನ್ನ ಸುದ್ದಿ ಬರದಾರೇನು?"

ಫೋನ್ ತೆಗೆದು, ಪತ್ರವನ್ನು ಕನ್ನಡದಲ್ಲಿ ಹೇಳಿದೆ. ಸಣ್ಣ ಅವಘಡವೊಂದರಲ್ಲಿ ಒಬ್ಬ ಕೆಲಸಗಾರನಿಗೆ ಗಾಯವಾಗಿದೆ, ಚಿಕಿತ್ಸೆ ನಡೆಯುತ್ತಿದೆ, ಉತ್ಪಾದನೆಗೆ ಯಾವ ತೊಂದರೆಯೂ ಆಗಿಲ್ಲ. ಹೇಳುತ್ತಾ ನನಗೆ ಮೈ ಉರಿಯುವಷ್ಟು ಸಿಟ್ಟು ಬಂತು.

"ಇವಂಗ ಏನರ ಕೊಡ್ತೀವಂತ ಬರದಾರೇನೋ ತಮ್ಮಾ?" ಎಂದು ಅಕ್ಕ ಕೇಳಿದರು.

"ಇಲ್ಲಕ್ಕ."

ಅವನಿಗೆ ಬೇರೆಯೇ ಚಿಂತೆ. "ತೊಂದ್ರಿ ಆಗಿಲ್ಲಂದ್ರ ಹ್ಯಾಂಗ? ಗ್ಯಾಸ್ಕೆಟ್ ಬದಲಿ ಮಾಡಬೇಕಲ್ಲ. ಒಂದ್ ದಿನ ಲೈನ್ ನಿಂತಿರಬೇಕಲ್ಲ."

ಪತ್ರದ ಆ ಮಾತು ಸುಳ್ಳಾಗಿರಲಿಲ್ಲ. ಆಸಿಡ್ ಚಿಮ್ಮಿದ ದಿನವೇ ಸಂಜೆ, ಅವನ ಬಟ್ಟೆ, ಚೀಲ ತರಲು ಆಸ್ಪತ್ರೆಯಿಂದ ಪ್ಲಾಂಟಿಗೆ ಹೋಗಿದ್ದಾಗ ನಾನೇ ನಿಂತು ನೋಡಿದ್ದೆ.

"ಹೇಳೋ. ಹೊಸಾದು ಹಾಕಿದ್ರೋ ಇಲ್ಲೋ?"

"ಹಾಕಿದ್ರು, ಅವತ್ತೇ. ಎಲ್ಲರೂ ಟೀ ಕುಡಿದು ಬರೋದ್ರೊಳಗೆ ಮುಗಿದಿತ್ತು."

ಬ್ಯಾಂಡೇಜಿನ ಕೆಳಗೆ ತುಟಿ ಅಲುಗಿತು. ನಗುತ್ತಾನೇನೋ ಎಂದುಕೊಂಡೆ. ಅಕ್ಕ ಅವನ ಕೈ ಹಿಡಿದುಕೊಂಡರು.

"ಅಷ್ಟನ?" ಎಂದ.